ಅಕ್ಕನ ಕರಿ ಐದು

ನಮ್ಮ ಕಡೆ ಊರ ಮಂದಿ ನಾಟಕ ಆಡುವಾಗ ಗಂಡು ಪಾತ್ರಗಳನ್ನೆಲ್ಲ ಊರಿನ ಹುಡುಗರೇ ಹಂಚಿಕೊಳ್ಳುತ್ತಾರೆ. ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಜೊತೆಗೆ ಪೇಟಿ ಮಾಸ್ತರ ಒಬ್ಬ, ತಬಲಾದವನೊಬ್ಬ. ಪೇಟಿ ಎಂದರೆ ಹಾರ್ಮೋನಿಯಂ. ನಾನು ಪೇಟಿ ಮಾಸ್ತರ, ನನ್ನ ಅಕ್ಕ ಕಲಾವಿದೆ. ಮನೆ ಹಾನಗಲ್ಲಿನಲ್ಲಿ. ಸುಗ್ಗಿ ಮುಗಿದಾಗಿನಿಂದ ಮಳೆ ಹಿಡಿಯುವವರೆಗೆ ನಮಗೆ ಕೆಲಸ. ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಿಂದ ಹುಡುಗರು ಬಂದು ಅಕ್ಕನ ಕೈಗೆ ವೀಳ್ಯ ಕೊಟ್ಟು ಹೋಗುತ್ತಾರೆ. ವೀಳ್ಯ ಕೊಟ್ಟರೆ ಮಾತು ಪಕ್ಕಾ ಆದ ಹಾಗೆ. ಆ ದಿನಕ್ಕೆ ನಾವು ಬಸ್ಸು ಹತ್ತುತ್ತೇವೆ.

ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇಷ್ಟುದ್ದ ಬರೆದು ರೂಢಿಯಿಲ್ಲ. ಆದರೂ ಬರೆಯಲು ಕುಳಿತಿದ್ದೇನೆ. ಬಂಕಾಪುರದ ಒಬ್ಬ ಹುಡುಗಿ ನನ್ನ ಅಕ್ಕನಿಗೆ ಎಲೆಯಡಿಕೆಯಲ್ಲಿ ಸಿಂಧೂರ ಹಾಕಿಕೊಟ್ಟು ಗಂಟಲು ಕೆಡಿಸಿದಳು ಎಂಬ ಮಾತು ಈ ಸೀಮೆಯಲ್ಲಿ ಓಡಾಡಿತು. ಅದು ಸುಳ್ಳು. ಸುಳ್ಳೆಂದು ಮೊದಲ ದಿನದಿಂದಲೇ ನನಗೆ ಗೊತ್ತಿತ್ತು, ಮತ್ತು ನಾನು ಸುಮ್ಮನಿದ್ದೆ.

ನಮ್ಮ ಅಪ್ಪ ಬೇಗ ಹೋದ. ಅಕ್ಕ ಚಿಕ್ಕವಳಿದ್ದಾಗಲೇ ಹಾನಗಲ್ಲಿನಲ್ಲಿ ಮೊಕ್ಕಾಂ ಹೂಡಿದ್ದ ಒಂದು ನಾಟಕ ಕಂಪನಿ ಸೇರಿದಳು. ಮೊದಲು ಸಖಿಯ ಪಾತ್ರ, ಆಮೇಲೆ ನಾಯಕಿ. ಕಂಪನಿ ಮುಚ್ಚಿದ ಮೇಲೆ ಹಳ್ಳಿಯ ನಾಟಕಗಳು. ನಾನು ಶಾಲೆ ಬಿಟ್ಟವನು ಆಕೆಯ ಟ್ರಂಕು ಹೊರುತ್ತ, ಕಂಪನಿಯ ಪೇಟಿ ಮಾಸ್ತರರ ಮಗ್ಗುಲಿಗೆ ಕುಳಿತು ಪೇಟಿ ಕಲಿತೆ. ನನಗೆ ಮೊದಲ ಪೇಟಿ ಕೊಡಿಸಿದವಳೂ ಅಕ್ಕನೇ. ಆಕೆಯ ಗಂಡ ತೀರಿಕೊಂಡು ವರ್ಷಗಳಾದವು, ನನ್ನ ಹೆಂಡತಿಯೂ ಇಲ್ಲ. ಮನೆಯಲ್ಲಿ ನಾವಿಬ್ಬರೇ.

ಪೇಟಿಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪೇಟಿಯ ಮೇಲೆ ಬೆರಳಿಡುವ ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ. ಕರಿ ಮನೆ, ಬಿಳಿ ಮನೆ, ಎರಡನ್ನೂ ಎಡದಿಂದ ಬೇರೆ ಬೇರೆ ಎಣಿಸುತ್ತೇವೆ. ಹಾಡುವವರು ಯಾವ ಮನೆಯನ್ನು ಸಾ ಎಂದು ಹಿಡಿಯುತ್ತಾರೋ ಅದು ಅವರ ಸ್ವರ. ಅಕ್ಕನದು ಕರಿ ಐದು. ಹೆಂಗಸರಲ್ಲೂ ಅಷ್ಟು ಎತ್ತರಕ್ಕೆ ಹಾಡುವವರು ಕಡಿಮೆ. ಮೈಕು ನಂಬುವಂತಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರೆಗೆ ಕೇಳಲಿ ಎಂದು ಕಂಪನಿಯವರು ಕಲಿಸಿದ್ದು ಅದು. ಈಗ ಎಲ್ಲ ಊರಿನಲ್ಲೂ ದೊಡ್ಡ ದೊಡ್ಡ ಸೌಂಡ್ ಬಾಕ್ಸುಗಳು ಬಂದಿವೆ, ಆದರೆ ಅಕ್ಕ ಬಿಡಲಿಲ್ಲ. ವೀಳ್ಯ ಕೊಡಲು ಬಂದ ಹುಡುಗರು ಕೂಡ ಓಣಿಯಲ್ಲಿ ಕರಿ ಐದರ ಅಕ್ಕಾರ ಮನೆ ಎಲ್ಲಿ ಎಂದು ಕೇಳುತ್ತಿದ್ದರು. ಅಕ್ಕನಿಗೆ ಅದು ಹೆಸರಿಗಿಂತ ಹೆಚ್ಚಾಗಿತ್ತು. ಕೆಳಗಿನ ಸ್ವರ ಕೇಳುವ ಹೊಸ ಹುಡುಗಿಯರನ್ನು ತಾಲೀಮಿನಲ್ಲಿ ಆಡಿಕೊಳ್ಳುತ್ತಿದ್ದಳು. ಹಾಡಾಕ ಬಂದಾಳೋ, ಕೂಸು ಮಲಗಸಾಕ ಬಂದಾಳೋ ಎನ್ನುತ್ತಿದ್ದಳು.

ಬಂಕಾಪುರದ ಹುಡುಗಿ ಮಾತ್ರ ಆಡಿಸಿಕೊಂಡು ಸುಮ್ಮನಿರುವವಳಲ್ಲ. ಅವಳಿಗೆ ಅಪ್ಪನಿಲ್ಲ, ತಾಯಿ ಬಳೆ ಅಂಗಡಿ ಇಟ್ಟಿದ್ದಾಳೆ. ನಾಟಕದ ಹುಚ್ಚಿನಿಂದ ತಾನೇ ಹುಡುಕಿಕೊಂಡು ನಮ್ಮ ಮನೆಗೆ ಬಂದು ಅಕ್ಕನ ಹತ್ತಿರ ಹಾಡು ಕಲಿತಳು. ಒಂದು ದಿನ ತಾಲೀಮಿನಲ್ಲಿ ಮೇಲಿನ ಸ್ವರಕ್ಕೆ ಹೋಗಲಾರದೆ ಅವಳ ದನಿ ಒಡೆಯಿತು. ಅಕ್ಕ ಎಲ್ಲರೆದುರು ಹೇಳಿದಳು, "ನಿಮ್ಮೂರಾಗ ನವಿಲ ಭಾಳ ಅದಾವ ಅಂತ ಗೊತ್ತಿತ್ತವ್ವಾ. ಅವು ನಾಟಕಕ್ಕೂ ಬರ್ತಾವ ಅಂತ ಗೊತ್ತಿರಲಿಲ್ಲ."

ಹುಡುಗಿ ನಕ್ಕು, "ನವಿಲ ಕುಣಿತೈತ್ರಿ ಅಕ್ಕಾರ. ಕೋಗಿಲಕ್ಕ ಕುಣಿಯಾಕ ಎಲ್ಲಿ ಬರ್ತೈತಿ?" ಎಂದಳು.

ಅಕ್ಕ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ. ಎರಡು ಹೆಣ್ಣು ಪಾತ್ರವಿದ್ದ ನಾಟಕವಾದರೆ ಅಕ್ಕ ತಾನಾಗಿ ಆ ಹುಡುಗಿಯ ಹೆಸರು ಹೇಳುತ್ತಿದ್ದಳು. ರಂಗದ ಮೇಲೆ ಹೋಗುವ ಮುಂಚೆ ಎಲೆಯಡಿಕೆ ಹಾಕಿಕೊಳ್ಳುವುದು ಅಕ್ಕನ ರೂಢಿ. ಹುಡುಗಿ ಸವಣೂರಿನ ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಅಕ್ಕನ ಕೈಗೆ ಕೊಡುತ್ತಿದ್ದಳು. ಕಲಿಸಿದವರಿಗೆ ಕಲಿತವರು ಮಾಡುವ ಸೇವೆ ಅದು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಸ್ಕೇಲ್ ಚೇಂಜರ್ ಪೇಟಿ ತೆಗೆದುಕೊಂಡೆ. ಅದರಲ್ಲಿ ಮನೆಗಳ ಹಲಗೆಯನ್ನೇ ಎಡಕ್ಕೆ ಬಲಕ್ಕೆ ಸರಿಸಬಹುದು. ಬೆರಳು ಅದೇ ಕರಿ ಐದರ ಮೇಲಿರುತ್ತದೆ, ಬರುವ ದನಿ ಮಾತ್ರ ಒಂದು ಮನೆ ಕೆಳಗಿನದೋ ಮೇಲಿನದೋ ಆಗಿರುತ್ತದೆ. ಹೊಸ ಹಾಡಿಗೆ ಬೆರಳು ಬದಲಿಸುವ ಕಷ್ಟ ತಪ್ಪಲಿ ಎಂದು ಮಾಡಿದ ಪೇಟಿ ಅದು.

ಶಿಗ್ಗಾವಿ ಕಡೆಯ ಒಂದು ಊರಿಗೆ ಹೋದಾಗ ಅಕ್ಕನಿಗೆ ಮೈ ಬಿಸಿಯಿತ್ತು. ತಾಲೀಮಿನಲ್ಲಿ ಮೊದಲ ಹಾಡಿನ ಮೇಲಿನ ಸಾಲಿಗೆ ದನಿ ಎಳೆಯಂತೆ ಸಣ್ಣದಾಗುತ್ತಿತ್ತು. ಹಾಡು ಶುರುವಾಗುವ ಮುಂಚೆ ನಾನು ಹಲಗೆಯನ್ನು ಒಂದು ಮನೆ ಕೆಳಗಿನ ದನಿಗೆ ಸರಿಸಿದೆ. ಅಕ್ಕ ಸರಾಗವಾಗಿ ಹಾಡಿದಳು. ಮಂದಿ ಒನ್ಸ್ ಮೋರ್ ಎಂದರು. ಮುಂಜಾನೆ ಬಣ್ಣ ತೊಳೆಯುತ್ತ ಅಕ್ಕ, ಜ್ವರದಲ್ಲೂ ತನ್ನ ಗಂಟಲು ಹೇಗೆ ಮಾತು ಕೇಳಿತು ನೋಡು ಎಂದು ಖುಷಿಯಿಂದ ಹೇಳಿದಳು. ಆಗಲೇ ಹೇಳಬಹುದಿತ್ತು. ಇವತ್ತೊಂದು ದಿನ ಇರಲಿ ಬಿಡು ಎಂದುಕೊಂಡೆ.

ಜ್ವರ ಹೋಯಿತು, ದನಿ ಮಾತ್ರ ಮೊದಲಿನ ಎತ್ತರಕ್ಕೆ ಹೋಗಲಿಲ್ಲ. ವಯಸ್ಸು, ಅಷ್ಟೇ. ಯಾರಿಗಾದರೂ ಆಗುವುದು. ಮುಂದಿನ ವರ್ಷ ಇನ್ನೊಂದು ಮನೆ ಇಳಿಸಿದೆ, ಅದರ ಮುಂದೆ ಮತ್ತೊಂದು. ಹಾಡುವವರು ಪೇಟಿಯ ದನಿ ಹಿಡಿದು ಹೊರಡುತ್ತಾರೆ. ಅದು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ ಬಂದರೆ ಗಂಟಲಿಗೆ ಹಿತವೆನಿಸುತ್ತದೆಯೇ ಹೊರತು ಗೊತ್ತಾಗುವುದಿಲ್ಲ. ಅಕ್ಕ ಪ್ರತಿ ಸಲ ಕೇಳುತ್ತಿದ್ದಳು, ಐದಕ್ಕೆ ಐತಲ್ಲ ಎಂದು. ನಾನು ಐದಕ್ಕೇ ಐತಿ ಎನ್ನುತ್ತಿದ್ದೆ. ಬಗ್ಗಿ ನೋಡಿದರೂ ನನ್ನ ಬೆರಳು ಕರಿ ಐದರ ಮೇಲೇ ಕಾಣುತ್ತಿತ್ತು.

ತಬಲಾದವರಿಗೆ ಇದನ್ನು ಮುಚ್ಚಿಡಲು ಬರುವುದಿಲ್ಲ, ಪೇಟಿಗೆ ಸರಿಯಾಗಿ ಅವರು ತಬಲಾ ಕಟ್ಟಿಕೊಳ್ಳಬೇಕು. ನಮ್ಮ ಜೊತೆ ಬರುತ್ತಿದ್ದವರು ಸವಣೂರಿನ ಒಬ್ಬ ಹಿರಿಯ ಸಾಹೇಬರು. ಮೊದಲ ಸಲವೇ ಅವರು ನನ್ನ ಮುಖ ನೋಡಿದರು, ಸುತ್ತಿಗೆ ತೆಗೆದು ಗಟ್ಟಿಗಳನ್ನು ಬಡಿದು ತಬಲಾ ಇಳಿಸಿಕೊಂಡರು. ಒಂದು ದಿನ ಶಿಗ್ಗಾವಿಯ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೇ ಕುಳಿತಿದ್ದಾಗ ಹೇಳಿದರು, "ಮಾಸ್ತರ, ನಾ ತಬಲಾ ಇಳಸ್ತೇನಿ, ಅದು ನನ್ನ ಕೆಲಸ. ಅಕ್ಕಾರಿಗೆ ಹೇಳೂದು ನಿಮ್ಮ ಕೆಲಸ. ಅದನ್ನೂ ನಾ ಮಾಡೂ ಹಂಗ ಮಾಡಬ್ಯಾಡ್ರಿ." ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಅಕ್ಕನ ಮನಸ್ಸು ನೋಯುತ್ತದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಈಗ ಯೋಚಿಸಿದರೆ ಕಾರಣ ಬೇರೆಯೂ ಇತ್ತು. ಅಕ್ಕನ ಹಾಡು ಈಗ ನನ್ನ ಕೈಯಲ್ಲಿದೆ ಎಂಬುದು ನನಗೆ ಒಳಗೊಳಗೇ ಹಿತವಾಗಿತ್ತು. ಎಲ್ಲರೂ ಅಕ್ಕನನ್ನು ಹೊಗಳುವಾಗ ನಾನು ಪೇಟಿಯ ಹಿಂದೆ ಕುಳಿತು, ನಿಮಗೇನು ಗೊತ್ತು ಎಂದುಕೊಳ್ಳುತ್ತಿದ್ದೆ. ಚಿಕ್ಕಂದಿನಿಂದ ಆಕೆಯ ಟ್ರಂಕು ಹೊತ್ತವನಿಗೆ ಆ ಒಂದು ವಿಷಯದಲ್ಲಿ ಆಕೆಗಿಂತ ಹೆಚ್ಚು ಗೊತ್ತಿತ್ತು.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಸವಣೂರಿನ ಹುಡುಗರು ಒಂದು ಹೊಸ ನಾಟಕ ಮಾಡಿದರು. ಸಂಗೀತ ಪೂರ್ತಿ ನಿಮ್ಮದೇ, ಹ್ಯಾಂಡ್‌ಬಿಲ್ಲಿನಲ್ಲಿ ಸಂಗೀತ ನಿರ್ದೇಶಕ ಎಂದು ದೊಡ್ಡದಾಗಿ ಹಾಕಿಸುತ್ತೇವೆ ಎಂದರು. ಅಲ್ಲಿಯವರೆಗೆ ನನ್ನನ್ನು ಬರೇ ಪೇಟಿ ಮಾಸ್ತರ ಎಂದು ಹಾಕುತ್ತಿದ್ದರು, ಎಷ್ಟೋ ಸಲ ಅದನ್ನೂ ಹಾಕುತ್ತಿರಲಿಲ್ಲ. ಒಪ್ಪಿಕೊಂಡೆ. ಅದೇ ದಿನ ಮಾಸೂರಿನ ಹತ್ತಿರದ ಒಂದು ಹಳ್ಳಿಗೆ ಅಕ್ಕನೂ ಬಂಕಾಪುರದ ಹುಡುಗಿಯೂ ವೀಳ್ಯ ಹಿಡಿದಿದ್ದರು. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ನಿನಗೂ ಒಂದು ದಿನ ಬರಲಿ, ಹೋಗಿ ಬಾ ಎಂದಳು. ಮಾಸೂರಿನ ಕಡೆಯವರು ಹಿರೇಕೆರೂರಿನ ಒಬ್ಬ ಹೊಸ ಪೇಟಿ ಮಾಸ್ತರನನ್ನು ಗೊತ್ತು ಮಾಡಿದರು.

ಅಕ್ಕ ಆ ಮಾಸ್ತರನಿಗೆ ಕರಿ ಐದು ಎಂದೇ ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಅವನಿಗೆ ಫೋನು ಮಾಡಿ ಬಿಳಿ ಐದಕ್ಕೆ ಹಿಡಿ ಎಂದರೆ ಮುಗಿಯುತ್ತಿತ್ತು. ಕರಿ ಐದಕ್ಕಿಂತ ಮೂರು ಮನೆ ಕೆಳಗೆ ಬಿಳಿ ಐದು, ಅಷ್ಟರ ಹೊತ್ತಿಗೆ ಅಕ್ಕ ಹಾಡುತ್ತಿದ್ದುದು ಅದಕ್ಕೇ. ಫೋನು ಹಚ್ಚಿದೆ. ರಿಂಗಾಯಿತು. ಅವನು ಎತ್ತುವ ಮೊದಲೇ ಕಟ್ ಮಾಡಿದೆ. ಅವನಿಗೆ ಹೇಳಿದರೆ ನಾಳೆ ಹಿರೇಕೆರೂರಿನ ಕಲಾವಿದರಿಗೆಲ್ಲ ಗೊತ್ತಾಗುತ್ತದೆ, ಇಷ್ಟು ವರ್ಷ ಅಕ್ಕನಿಗೆ ಮೋಸ ಮಾಡಿದೆ ಎನ್ನುತ್ತಾರೆ ಎಂದು ಹೆದರಿದೆ. ಅವನಿಗೂ ಕಿವಿ ಇದೆ, ತಾಲೀಮಿನಲ್ಲಿ ತಾನೇ ನೋಡಿಕೊಂಡು ಇಳಿಸುತ್ತಾನೆ ಎಂದುಕೊಂಡೆ. ಸಾಹೇಬರು ಅಂದು ನನ್ನ ಜೊತೆ ಸವಣೂರಿನಲ್ಲಿದ್ದರು. ಮಾಸೂರಿಗೆ ಹೋದ ಮಾಸ್ತರನಿಗೆ ಹೇಳಿದಿರಾ ಎಂದು ಕೇಳಿದರು. ಹೇಳಿದ್ದೇನೆ ಎಂದೆ.

ಅಲ್ಲಿ ಆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಆಮೇಲೆ ಹಿರೇಕೆರೂರಿನ ಮಾಸ್ತರನೇ ಹೇಳಿದ. ಅಕ್ಕ ತಾಲೀಮಿನಲ್ಲಿ ಪೂರ್ತಿ ಹಾಡದೆ ಬರೇ ತಾಳ ನೋಡಿಕೊಂಡಳಂತೆ. ಅನುಭವಸ್ಥರು ಗಂಟಲು ಉಳಿಸಿಕೊಳ್ಳಲು ಹಾಗೆ ಮಾಡುತ್ತಾರೆ. ಕರಿ ಐದಕ್ಕೆ ಹಿಡಿ, ಕೂದಲೆಳೆಯಷ್ಟೂ ಇಳಿಸಬೇಡ ಎಂದಳಂತೆ. ದೊಡ್ಡವರ ಮಾತೆಂದು ಅವನು ಹಾಗೇ ಹಿಡಿದ. ರಂಗದ ಮೇಲೆ ಮೊದಲ ಸಾಲು ದಾಟಿತು. ಎರಡನೆಯ ಸಾಲು ಮೇಲೆ ಏರುವಲ್ಲಿ ದನಿ ಒಡೆಯಿತು. ಮತ್ತೆ ಎತ್ತಿದಳು, ಮತ್ತೆ ಒಡೆಯಿತು. ಆಮೇಲೆ ಹಿಂದಿನಿಂದ ಸಿಳ್ಳೆ ಬಂದವು. ಯಾರೋ ಒಬ್ಬ, ಅಕ್ಕಾರ, ಬರೇ ಮಾತ ಹೇಳ್ರಿ ಸಾಕು ಎಂದನಂತೆ. ಅಕ್ಕ ಉಳಿದ ನಾಟಕವನ್ನೆಲ್ಲ ಹಾಡಿಲ್ಲದೆ ಮುಗಿಸಿದಳು. ಅವಳ ಹಾಡುಗಳನ್ನು ಬಂಕಾಪುರದ ಹುಡುಗಿ ಹಾಡಿದಳು. ಹಾಡದಿದ್ದರೆ ನಾಟಕ ನಿಲ್ಲುತ್ತಿತ್ತು. ಆದರೆ ಅದೇ ಅವಳಿಗೆ ಮುಳುವಾಯಿತು.

ಮರುದಿನ ಮಧ್ಯಾಹ್ನ ನಾನು ಸವಣೂರಿನಿಂದ ತಿನ್ನಲು ಖಾರ ಕಟ್ಟಿಸಿಕೊಂಡು, ನನ್ನ ಹೆಸರಿದ್ದ ಹ್ಯಾಂಡ್‌ಬಿಲ್ಲು ಮಡಿಚಿಟ್ಟುಕೊಂಡು ಮನೆಗೆ ಬಂದೆ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಟ್ರಂಕು ಬಿಚ್ಚಿರಲಿಲ್ಲ. ಗಂಟಲು ಹೋಯಿತು ತಮ್ಮಾ ಎಂದಳು. ನಿನ್ನೆ ಹುಡುಗಿ ಕೊಟ್ಟ ಎಲೆಯ ರುಚಿ ಯಾಕೋ ಬೇರೆ ಇತ್ತು ಎಂದಳು. ಹಾಡುವವರ ಗಂಟಲು ಕೆಡಿಸಲು ಎಲೆಯಲ್ಲಿ ಸಿಂಧೂರ ಹಾಕಿ ಕೊಡುತ್ತಾರೆ ಎಂಬುದು ನಮ್ಮ ನಾಟಕದವರಲ್ಲಿ ಹಳೆಯ ಭಯ. ಅಕ್ಕ ಕಂಪನಿಯಲ್ಲಿದ್ದಾಗ ಇಂಥ ಕಥೆಗಳನ್ನು ಕೇಳಿ ಬೆಳೆದವಳು. ನಾನು ಹಾಗೇನೂ ಇರಲಿಕ್ಕಿಲ್ಲ ಎಂದೆ. ಅಷ್ಟೇ ಹೇಳಿದೆ. ಖಾರದ ಪೊಟ್ಟಣ ಒಳಗೆ ಇಟ್ಟೆ.

ಅಕ್ಕ ಹಾಡುವುದನ್ನು ಬಿಟ್ಟಳು. ಡಾಕ್ಟರು ನೋಡಿ ಏನೂ ಆಗಿಲ್ಲ, ದಣಿವಾಗಿದೆ ಎಂದರು. ಜ್ಯೇಷ್ಠಮಧು ಜಗಿದಳು, ಕಷಾಯ ಕುಡಿದಳು. ಕೊನೆಗೆ ಹುಲಗೂರಿನ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದಳು. ಆ ಸಂಜೆ ಸಕ್ಕರೆ ಬಾಯಿಗೆ ಹಾಕಿಕೊಂಡು, ಪೇಟಿ ತೆಗಿ ತಮ್ಮಾ, ನೋಡೋಣ ಎಂದಳು. ಆಕೆ ಎದುರಿಗೆ ಕುಳಿತಳು. ಕಣ್ಣು ಮುಚ್ಚಿಕೊಂಡಿದ್ದಳು.

ಹಲಗೆ ಸರಿಸದೆ, ಖರೆ ಕರಿ ಐದಕ್ಕೆ ಹಿಡಿದಿದ್ದರೆ ಆಕೆಯ ದನಿ ಮತ್ತೆ ಒಡೆಯುತ್ತಿತ್ತು. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಸರಿಸಿದೆ. ಬಿಳಿ ಐದರ ದನಿ ಬಂತು. ಅಕ್ಕ ಹಾಡಿದಳು. ಇಡೀ ಹಾಡು, ಎಲ್ಲೂ ಒಡೆಯದೆ, ತುಂಬಿದ ದನಿಯಲ್ಲಿ. ಮುಗಿಸಿ ಅತ್ತಳು. ಹೊಟ್ಟೆಯಲ್ಲಿದ್ದ ಮದ್ದು ಇಳಿಯಿತು ಎಂದಳು.

ಮದ್ದು ಇಳಿದದ್ದು ಖರೆಯಾದರೆ ಮದ್ದು ಹಾಕಿದ್ದೂ ಖರೆಯಾಯಿತು. ಅಲ್ಲಿಯವರೆಗೆ ಅಕ್ಕನಿಗೆ ಅನುಮಾನವಷ್ಟೇ ಇತ್ತು. ಅದನ್ನು ಗಟ್ಟಿ ಮಾಡಿದ್ದು ನಾನು. ಅಕ್ಕ ಊರೂರಿಗೆ ಸಾರಿಕೊಂಡು ಹೋಗುವವಳಲ್ಲ. ಆದರೆ ವೀಳ್ಯ ಕೊಡಲು ಬಂದವರು ಕೇಳಿದಾಗ, ಆ ಹುಡುಗಿ ಇದ್ದರೆ ನಾನು ಬರುವುದಿಲ್ಲ ಎಂದಳು. ಯಾಕೆಂದು ಕೇಳಿದವರಿಗೆ ಹೇಳಿದಳು. ಉಳಿದದ್ದನ್ನು ಮಂದಿ ಮಾಡಿದರು. ಆ ಹುಡುಗಿ ಬಂದರೆ ಉಳಿದ ಕಲಾವಿದೆಯರು ರಂಗದ ಹಿಂದೆ ನೀರು ಕೂಡ ಅವಳ ಕೈಯಿಂದ ತೆಗೆದುಕೊಳ್ಳದಂತಾಯಿತು.

ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ನಾನು ಒಳಗಿನ ಕೋಣೆಯಲ್ಲಿ ಪೇಟಿಯ ತಿದಿಗೆ ಅಂಟು ಹಚ್ಚುತ್ತಿದ್ದೆ. ಅಕ್ಕ ಹೊಸ್ತಿಲ ಒಳಗೆ ನಿಂತಿದ್ದಳು, ಬಾ ಎನ್ನಲಿಲ್ಲ. ಹುಡುಗಿ ಕಟ್ಟೆಯ ಮೇಲೇ ನಿಂತು ಮಾತಾಡಿದಳು. ತಾನು ಕೊಟ್ಟದ್ದು ಎಲೆ, ಅಡಿಕೆ, ಸುಣ್ಣ, ಮತ್ತೇನೂ ಅಲ್ಲ ಎಂದಳು. ನೀವು ನನ್ನ ಹೆಸರು ಹೇಳಿದ ಮೇಲೆಯೇ ನನಗೆ ನಾಲ್ಕು ಊರು ಗೊತ್ತಾದದ್ದು, ನಿಮ್ಮ ಗಂಟಲು ಕೆಡಿಸಿ ನಾನೇನು ಮಾಡಲಿ ಎಂದಳು. ದನಿ ಏರಿಸಲಿಲ್ಲ. ಕಡೆಗೆ, ನಿಮ್ಮ ತಮ್ಮನವರನ್ನಾದರೂ ಕೇಳಿ, ನಾನು ಎಂಥವಳೆಂದು ಅವರಿಗೆ ಗೊತ್ತು ಎಂದಳು. ನನ್ನ ಕೈಯಲ್ಲಿ ಅಂಟಿನ ಕಡ್ಡಿ ಇತ್ತು. ಎದ್ದು ನಾಲ್ಕು ಹೆಜ್ಜೆ ಹೊರಗೆ ಬಂದರೆ ಸಾಕಿತ್ತು. ಬರಲಿಲ್ಲ. ಅವಳು ಹೋಗುವ ಸಪ್ಪಳ ಕೇಳಿತು. ಆಮೇಲೆ ಅಕ್ಕ ಒಳಗೆ ಬಂದು ನನ್ನ ಮುಖ ನೋಡಿ, ಅಂಟು ಒಣಗಿತೇನು ಎಂದು ಕೇಳಿದಳು.

ಸ್ವಲ್ಪ ದಿನಗಳ ಮೇಲೆ ಸಾಹೇಬರು ಸವಣೂರಿನಿಂದ ಬಂದರು. ಅಕ್ಕ ಸಂತೆಗೆ ಹೋಗಿದ್ದಳು. ಸಾಹೇಬರು ಕುಳಿತುಕೊಳ್ಳಲೂ ಇಲ್ಲ. ಹುಲಗೂರಿನ ಕಡೆಯವರು ಆ ಹುಡುಗಿಗೆ ಕೊಟ್ಟ ವೀಳ್ಯ ತಿರುಗಿ ಇಸಿದುಕೊಂಡರಂತೆ. ಕೊಟ್ಟ ವೀಳ್ಯ ಹಿಂದೆ ಪಡೆದದ್ದನ್ನು ತಾನು ಈ ವಯಸ್ಸಿನವರೆಗೆ ಕೇಳಿಲ್ಲ ಎಂದರು. ಆಮೇಲೆ ಹಿರೇಕೆರೂರಿನ ಮಾಸ್ತರ ತನಗೆ ಭೇಟಿಯಾಗಿದ್ದ ಎಂದರು.

"ಅಂವಗ ನೀವು ಫೋನ್ ಮಾಡಿಲ್ಲ," ಎಂದರು.

"ಇಲ್ರಿ."

"ನಂಗ ಮಾಡೇನಿ ಅಂದಿದ್ರಿ."

ಸಾಹೇಬರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಕ್ಕಾರಿಗೆ ನಾ ಹೇಳಂಗಿಲ್ಲ ಮಾಸ್ತರ. ಆದ್ರ ಇನ್ನ ಮ್ಯಾಲ ನಿಮ್ಮ ಪೇಟಿ ಮಗ್ಗಲಕ್ಕ ಕುಂದ್ರಾಕ ನನ್ನ ಕಡಿಂದ ಆಗೂದಿಲ್ಲ," ಎಂದು ಹೋದರು. ಚಹಾ ಕುಡಿಯದೆ ಅವರು ನಮ್ಮ ಮನೆಯಿಂದ ಹೋದದ್ದು ಅದೇ ಮೊದಲು.

ಅಕ್ಕ ಸಂತೆಯಿಂದ ಬಂದು ಕಾಯಿಪಲ್ಲೆ ಬುಟ್ಟಿ ಇಳಿಸಿದಳು. ನೀರು ಕುಡಿಯಲಿ ಎಂದು ಕಾದೆ. ಆಮೇಲೆ ಪೇಟಿ ತಂದು ಆಕೆಯ ಮುಂದೆ, ಮನೆಗಳು ಆಕೆಯ ಕಡೆ ಬರುವಂತೆ ಇಟ್ಟೆ. ಬಾಯಿಂದ ಹೇಳಲು ಬರಲಿಲ್ಲ, ಮಾಡಿ ತೋರಿಸಿದೆ. ಕರಿ ಐದು ಒತ್ತಿದೆ. ಹಲಗೆ ಸರಿಸಿ ಮತ್ತೆ ಅದನ್ನೇ ಒತ್ತಿದೆ. ಅಕ್ಕ ಇನ್ನೊಮ್ಮೆ ಮಾಡು ಎಂದಳು. ಮಾಡಿದೆ. ತಾನೇ ಕೈಯಿಟ್ಟು ಹಲಗೆಯನ್ನು ಸರಿಸಿದಳು, ಒತ್ತಿದಳು, ಕೇಳಿದಳು. ಯಾವಾಗಿನಿಂದ ಎಂದು ಕೇಳಿದಳು. ಶಿಗ್ಗಾವಿ ಕಡೆ ಜ್ವರ ಬಂದ ದಿನದಿಂದ ಎಂದೆ. ಹಿರೇಕೆರೂರಿನ ಮಾಸ್ತರನಿಗೆ ಹೇಳದೆ ಬಿಟ್ಟದ್ದನ್ನೂ ಹೇಳಿದೆ.

"ಹುಲಗೂರಿಂದ ಬಂದ ದಿನಾ?"

"ಅವತ್ತೂ ಸರಿಸಿದ್ದೆ."

ಅಕ್ಕ ಹಲಗೆಯನ್ನು ಮೊದಲಿದ್ದಲ್ಲಿಗೆ ಸರಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ನನ್ನ ಗಂಟಲಕ್ಕ ವಯಸ್ಸಾತು ಅಂತ ಹೇಳಾಕ ನಿಂಗೇನಾಗಿತ್ತೋ?" ಎಂದಳು. "ಮನ್ಯಾಗ ಕನ್ನಡಿ ಇಲ್ಲೇನು? ನನ್ನ ಕೂದಲಾ ನನಗ ಕಾಣೂದಿಲ್ಲೇನು?"

ಹೇಳಿದರೆ ನೀನು ಹಾಡುವುದನ್ನೇ ಬಿಟ್ಟುಬಿಡುತ್ತಿದ್ದೆ ಎಂದೆ.

"ಬಿಡೂದು ಹಿಡಿಯೂದು ನಂದಿತ್ತಲ್ಲ ತಮ್ಮಾ."

ಆಮೇಲೆ, ಆ ಹುಡುಗಿಗೆ ನವಿಲು ಅಂದಿದ್ದೆ ನಾನು, ಕಡೆಕಡೆಗೆ ನನ್ನ ದನಿ ಅವಳಿಗಿಂತ ಮೇಲೆ ಇರಲೇ ಇಲ್ಲ ಎಂದಳು. ಅದು ನಿಜ. ಬಂಕಾಪುರದ ಹುಡುಗಿಯ ಸ್ವರ ಬಿಳಿ ಆರು, ಅಕ್ಕ ಹಾಡುತ್ತಿದ್ದುದಕ್ಕಿಂತ ಮೇಲಿನದು. ನಾನು ಅದನ್ನು ಹೇಳಿರಲಿಲ್ಲ, ಆಕೆಯೇ ಲೆಕ್ಕ ಹಾಕಿಕೊಂಡಳು.

ಮರುದಿನ ಬಂಕಾಪುರಕ್ಕೆ ಹೋಗುವುದು, ಹೇಳಬೇಕಾದದ್ದನ್ನು ನಾನೇ ಹೇಳುವುದು ಎಂದು ಅಕ್ಕ ಗೊತ್ತು ಮಾಡಿದಳು. ತಾನು ಹೇಳಿದರೆ ತಮ್ಮನ ತಪ್ಪು ಹೊಟ್ಟೆಗೆ ಹಾಕಿಕೊಂಡ ದೊಡ್ಡ ಮನುಷ್ಯಳಾಗುತ್ತೇನೆ, ಅದು ಬೇಡ ಎಂದಳು.

ಬಳೆ ಅಂಗಡಿಯ ಮುಂದೆ ನಮ್ಮನ್ನು ನೋಡಿ ಹುಡುಗಿಯ ತಾಯಿ ಎದ್ದು ನಿಂತಳು. ಹುಡುಗಿ ಗಿರಾಕಿಯೊಬ್ಬಳಿಗೆ ಲೇಸು ಅಳೆದು ಕೊಡುತ್ತಿದ್ದಳು, ನಮ್ಮನ್ನು ನೋಡಿಯೂ ಅಳೆಯುವುದನ್ನು ನಿಲ್ಲಿಸಲಿಲ್ಲ. ಗಿರಾಕಿ ಹೋಗಲಿ ಎಂದು ನಾನು ಕಾಯುತ್ತಿದ್ದೆ. ಅಕ್ಕ ನನ್ನ ಬೆನ್ನಿಗೆ ಮೊಣಕೈಯಿಂದ ತಿವಿದಳು. ಗಿರಾಕಿಯ ಎದುರೇ ಹೇಳಿದೆ. ಎಲ್ಲ ಹೇಳಿದೆ, ಪೇಟಿ, ಹಲಗೆ, ಕಟ್ ಮಾಡಿದ ಫೋನು, ಹುಲಗೂರಿನಿಂದ ಬಂದ ಸಂಜೆ. ಹುಡುಗಿ ಕೇಳಿದಳು. ಅವಳ ತಾಯಿ ಅತ್ತಳು, ಅವಳು ಅಳಲಿಲ್ಲ.

"ನಾ ನಿಮ್ಮ ಮನಿಗೆ ಬಂದಾಗ ನೀವು ಒಳಗ ಇದ್ರೇನ್ರಿ ಮಾಸ್ತರ?"

"ಇದ್ದೆ."

"ನಾ ಅಂದಿದ್ದು ಕೇಳಸ್ತಿತ್ತೇನ್ರಿ?"

"ಕೇಳಸ್ತಿತ್ತು."

ಅವಳು ತಲೆಯಾಡಿಸಿ, ಲೇಸು ಸುತ್ತಿ ಗಿರಾಕಿಯ ಕೈಗೆ ಕೊಟ್ಟಳು. ಮತ್ತೆ ನನ್ನ ಕಡೆ ನೋಡಲಿಲ್ಲ.

ತಾಯಿ ಚಹಾ ತಂದಳು, ಎಲೆಯಡಿಕೆಯ ತಟ್ಟೆ ಇಟ್ಟಳು. ಅಕ್ಕ ತಟ್ಟೆಗೆ ಕೈ ಹಾಕದೆ, ನೀನು ಮಡಿಚಿ ಕೊಡು ಎಂದು ಹುಡುಗಿಗೆ ಹೇಳಿದಳು. ರಸ್ತೆಯ ಆಚೆಯ ಅಂಗಡಿಯವರು ನೋಡುತ್ತಿದ್ದರು. ಹುಡುಗಿ ಎಲೆಗೆ ಸುಣ್ಣ ಹಚ್ಚಿ ಮಡಿಚಿ ಕೊಟ್ಟಳು. "ಬಾಯಾಗ ಹಾಕ್ಕೊಳ್ಳೂಕಿಂತ ಮೊದಲ ಬಿಚ್ಚಿ ನೋಡ್ರಿ ಅಕ್ಕಾರ," ಎಂದಳು. ಅಕ್ಕ ಬಿಚ್ಚದೆ ಬಾಯಿಗೆ ಹಾಕಿಕೊಂಡಳು. ಅಲ್ಲೇ ಕುಳಿತು ಪೂರ್ತಿ ಜಗಿದಳು.

ಕೈಬಿಟ್ಟುಹೋದ ನಾಟಕ ಹುಡುಗಿಗೆ ತಿರುಗಿ ಬರಲಿಲ್ಲ. ಹುಲಗೂರಿನ ಕಡೆಯವರು ಅಷ್ಟರಲ್ಲಿ ಬೇರೆಯವಳಿಗೆ ವೀಳ್ಯ ಕೊಟ್ಟಿದ್ದರು. ಹೋದ ವರ್ಷದ ಬೇಸಿಗೆಯೆಲ್ಲ ಅವಳು ಬಳೆ ಅಂಗಡಿಯಲ್ಲೇ ಕಳೆದಳು. ಅಕ್ಕ ಗೊತ್ತಿದ್ದ ಊರುಗಳಿಗೆಲ್ಲ ಫೋನು ಮಾಡಿ ಹೇಳಿದಳು. ಕೆಲವರು ನಂಬಿದರು. ಈ ಸುಗ್ಗಿಯ ನಂತರ ಇಬ್ಬರೂ ಮತ್ತೆ ಕೂಡಿ ಆಡತೊಡಗಿದ್ದಾರೆ. ಹುಡುಗಿ ಒಂದೇ ಮಾತು ಕೇಳಿದ್ದಳಂತೆ, ಮಾಸ್ತರರ ಪೇಟಿಗೆ ನಾನು ಹಾಡುವುದಿಲ್ಲ ಎಂದು. ಅಕ್ಕ ಅದನ್ನು ರೊಟ್ಟಿ ಬಡಿಯುತ್ತ ನನಗೆ ಹೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ ಎಂದೆ. ತಪ್ಪಿಲ್ಲ ಎಂದಳು ಅಕ್ಕ.

ಈಗ ಅವರಿಗೆ ಹಿರೇಕೆರೂರಿನ ಮಾಸ್ತರನೇ ಪೇಟಿ ಬಾರಿಸುತ್ತಾನೆ. ಸಾಹೇಬರು ತಬಲಾಕ್ಕೆ ಹೋಗುತ್ತಾರೆ. ಅಕ್ಕ ತಾಲೀಮಿಗೆ ಕುಳಿತ ಕೂಡಲೇ, ನಂದು ಬಿಳಿ ಐದು ಎಂದು ಎಲ್ಲರ ಎದುರು ಹೇಳುತ್ತಾಳಂತೆ. ಮೊದಲ ಒಂದೆರಡು ಊರಲ್ಲಿ ಮಂದಿ ಗುಸುಗುಸು ಅಂದರು, ಹಾಡು ಕೇಳಿ ಸುಮ್ಮನಾದರು. ಮನೆಯಲ್ಲಿ ಅಕ್ಕ ನನಗೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಹಾಕುತ್ತಾಳೆ, ಸಂತೆಗೆ ಏನು ಬೇಕೆಂದು ಕೇಳುತ್ತಾಳೆ. ನನ್ನ ಪೇಟಿಯ ಎದುರು ಮಾತ್ರ ಕುಳಿತಿಲ್ಲ. ನಾನು ಸವಣೂರಿನ ಹುಡುಗರಿಗೆ ಬಾರಿಸಲು ಹೋಗುತ್ತೇನೆ. ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ದೊಡ್ಡದಾಗಿಯೇ ಹಾಕುತ್ತಾರೆ.

ಮೊನ್ನೆ ಒಂದು ಕೆಲಸಕ್ಕೆ ಹಿರೇಕೆರೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರಿಗೆ ಕುಳಿತವನು ನಾಟಕದ ಮಾತು ತೆಗೆದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಮಾಸೂರಿನ ಹತ್ತಿರ ಒಬ್ಬ ಅಕ್ಕಾರಿಗೆ ಬಂಕಾಪುರದ ಹುಡುಗಿ ಎಲೆಯಲ್ಲಿ ಸಿಂಧೂರ ಹಾಕಿಕೊಟ್ಟದ್ದನ್ನು ತಾನೇ ನೋಡಿದ ಹಾಗೆ ಹೇಳಿದ. ಹಾಗಲ್ಲ ಎಂದು ನಾನು ನಡೆದದ್ದನ್ನು ಹೇಳಿದೆ, ಆ ಪೇಟಿಯವನು ನಾನೇ ಎಂದೂ ಹೇಳಿದೆ. ಅವನು ಕೇಳಿ, ಚಹಾ ಮುಗಿಸಿ, "ನೀವು ಹೇಳೂದು ಇರಬಹುದ್ರಿ. ಆದ್ರ ಏನೋ ಹಾಕಿದ್ದಂತೂ ಖರೇ," ಎಂದ.

ಅವನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಇನ್ನೊಂದು ಚಹಾ ಹೇಳಿ, ಪೇಟಿಯ ಮನೆ ಎಂದರೇನು ಎಂಬಲ್ಲಿಂದ ಮತ್ತೆ ಶುರು ಮಾಡಿದೆ.